ನೀರಿಗೆ ಬೆಳಕಿನ ಕಾವಲು: ಬರಗೂರು ಸೀಮೆಯಲ್ಲಿ ಅತಿನೇರಳೆ ಸೋಂಕುನಿವಾರಣೆ

ಕುಡಿಯುವ ನೀರಿನಲ್ಲಿರುವ ರೋಗಾಣುಗಳನ್ನು ಯಾವ ರಾಸಾಯನಿಕವನ್ನೂ ಬೆರೆಸದೆ ಬೆಳಕಿನಿಂದಲೇ ನಿಷ್ಕ್ರಿಯಗೊಳಿಸುವ ವಿಧಾನಕ್ಕೆ ಅತಿನೇರಳೆ (ಯುವಿ) ಸೋಂಕುನಿವಾರಣೆ ಎಂದು ಹೆಸರು. ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿಗರಿಗೆ ಇದು ಪರಿಚಯವಾದದ್ದು ಶುದ್ಧ ಕುಡಿಯುವ ನೀರಿನ ಘಟಕಗಳಿಂದ. ನಾಣ್ಯ ಹಾಕಿ 20 ಲೀಟರಿನ ಕ್ಯಾನ್ ತುಂಬಿಸಿಕೊಳ್ಳುವ ಆ ಸಣ್ಣ ಕಟ್ಟಡದೊಳಗೆ ಮರಳಿನ ಜಾಡಿ, ಇದ್ದಿಲಿನ ಜಾಡಿ, ಆರ್‌ಒ ಪೊರೆ ಸುತ್ತಿಟ್ಟ ಉದ್ದನೆಯ ಕೊಳವೆ ಇವೆಲ್ಲ ಮುಗಿದ ಮೇಲೆ, ಗೋಡೆಗೆ ಒರಗಿದ ಒಂದು ಸ್ಟೀಲ್ ಕೊಳವೆ ಇರುತ್ತದೆ. ಅದರ ತುದಿಯಲ್ಲಿ ಇಣುಕುವ ನಸುನೀಲಿ ಬೆಳಕೇ ಯುವಿ ದೀಪದ ಗುರುತು. ಆರ್‌ಒ ಯಂತ್ರದ ಬಗ್ಗೆ ಇಲ್ಲಿ ಬೇಕಾದಷ್ಟು ಮಾತು ನಡೆದಿದೆ, ಜಗಳವೂ ನಡೆದಿದೆ. ಕೊನೆಯ ಈ ದೀಪವನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. ಆದರೆ ಕೊಳವೆಬಾವಿ ನಂಬಿದ್ದ ಈ ಸೀಮೆ ಈಗ ಹೊಳೆ ನೀರಿನತ್ತ ಹೊರಳುತ್ತಿದೆ. ಬೋರಿನ ನೀರಿಗೆ ಈ ದೀಪ ಬೇಕಾದ ಕಾರಣವೇ ಬೇರೆ, ಹೊಳೆ ನೀರಿಗೆ ಬೇಕಾಗುವ ಕಾರಣವೇ ಬೇರೆ. ಎರಡನ್ನೂ ಒಂದೇ ಎಂದುಕೊಂಡರೆ ದೀಪವನ್ನು ತಪ್ಪು ಜಾಗದಲ್ಲಿ ಹಚ್ಚಿದಂತಾಗುತ್ತದೆ.

ಶಿರಾ ತಾಲ್ಲೂಕಿನ ಬರಗೂರಿನ ಹೆಸರಿನಲ್ಲಿ ಬರ ಕಾಣುವವರುಂಟು. ಬರಗು ಎಂಬ ಕಿರುಧಾನ್ಯ ಕಾಣುವವರಿಗೂ ಅಡ್ಡಿಯಿಲ್ಲ. ಹೇಗೂ ಎರಡೂ ಒಣನೆಲದ ಮಾತೇ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ, ಆದರೆ ವರ್ಷದ ಬಹುಪಾಲು ಅದು ಮರಳಿನ ಹೊಳೆ. ಆ ಮರಳಲ್ಲಿ, ಕೆರೆಯಂಗಳದಲ್ಲಿ ತಾನಾಗಿ ಜಿನುಗುವ ನೀರೂಟೆಗೆ ಇಲ್ಲಿಯವರು ತಲಪರಿಗೆ ಎನ್ನುತ್ತಾರೆ. ಊರವರೆಲ್ಲ ಸೇರಿ ಹೂಳು ತೆಗೆದು, ಪೂಜೆ ಮಾಡಿ, ಸರದಿಯಂತೆ ನೀರು ಹಂಚಿಕೊಳ್ಳುತ್ತಿದ್ದ ಪದ್ಧತಿ ಅದು. ಬೋರುಗಳು ಆಳಕ್ಕಿಳಿದಂತೆ ತಲಪರಿಗೆಗಳು ಬತ್ತಿದವು. ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಮೇಲೆ ಬರುವಾಗ ಫ್ಲೋರೈಡನ್ನೂ ಲವಣಗಳನ್ನೂ ಹೊತ್ತು ತಂದಿತು. ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರ ತನಕ ನಡೆಯುತ್ತದೆ. ಪಾವಗಡದ ಎಷ್ಟೋ ಬೋರುಗಳು ಈ ಗೆರೆ ದಾಟಿದವು. ಮಕ್ಕಳ ಹಲ್ಲಿನ ಕಂದು ಗೆರೆ, ದೊಡ್ಡವರ ಬಗ್ಗದ ಮೊಣಕಾಲು ಈ ತಾಲ್ಲೂಕನ್ನು ಆರೋಗ್ಯ ಇಲಾಖೆಯ ಕಡತಗಳಲ್ಲಿ ಪ್ರಸಿದ್ಧಗೊಳಿಸಿದವು. ಆರ್‌ಒ ಘಟಕಗಳು ಬಂದದ್ದು ಇದಕ್ಕೆ ಉತ್ತರವಾಗಿ. ದೀಪ ಅವುಗಳ ಬಾಲ ಹಿಡಿದು ಬಂತು.

ಬೆಳಕು ರೋಗಾಣುವನ್ನು ಹೇಗೆ ಕೆಡಿಸುತ್ತದೆ? ಕಡಿಮೆ ಒತ್ತಡದ ಪಾದರಸ ದೀಪ 254 ನ್ಯಾನೋಮೀಟರ್ ತರಂಗಾಂತರದ ಕಿರಣವನ್ನು ಸೂಸುತ್ತದೆ. ಜೀವಕೋಶದ ಡಿಎನ್‌ಎ ಅತಿ ಹೆಚ್ಚು ಹೀರಿಕೊಳ್ಳುವ ತರಂಗಾಂತರ 260ರ ಆಸುಪಾಸು. ಎರಡೂ ಹತ್ತಿರ ಹತ್ತಿರ. ಕಿರಣ ತಾಗಿದಾಗ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕ ಕೂತ ಥೈಮೀನ್ ಅಣುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೆಸುಗೆ ಬಿದ್ದ ಎಳೆಯನ್ನು ಓದಿ ನಕಲು ಮಾಡಲು ಜೀವಕೋಶಕ್ಕಾಗುವುದಿಲ್ಲ. ರೋಗಾಣು ಆ ಕ್ಷಣಕ್ಕೆ ಸಾಯದೇ ಇರಬಹುದು. ಮರಿ ಹಾಕಲಾರದು, ಹೊಟ್ಟೆಗೆ ಹೋದರೂ ಸಂಸಾರ ಹೂಡಲಾರದು. ಎಷ್ಟು ಬೆಳಕು ಬಿತ್ತು ಎನ್ನುವುದನ್ನು ತೀವ್ರತೆಯನ್ನು ಕಾಲದಿಂದ ಗುಣಿಸಿ ಅಳೆಯುತ್ತಾರೆ. ಒಂದು ಚದರ ಸೆಂಟಿಮೀಟರಿಗೆ 4 ಮಿಲಿವ್ಯಾಟ್ ಬೀಳುವ ಕಡೆ ನೀರು 10 ಸೆಕೆಂಡು ಇದ್ದರೆ 40 ಮಿಲಿಜೌಲ್. ಹಲವು ದೇಶಗಳು ಕುಡಿಯುವ ನೀರಿಗೆ ಬಳಸಿಕೊಂಡು ಬಂದ ಅಳತೆ ಈ 40. ಕಾಲರಾ, ಟೈಫಾಯ್ಡ್, ಆಮಶಂಕೆ ತರುವ ಬ್ಯಾಕ್ಟೀರಿಯಾಗಳಿಗೆ ಇಷ್ಟು ಬೇಕಾದಷ್ಟಾಯಿತು. ಅಡಿನೋವೈರಸ್ಸಿನಂಥ ಗಟ್ಟಿ ಜೀವಕ್ಕೆ ಸಾಲದು. ಅದನ್ನು ಹತ್ತು ಸಾವಿರಕ್ಕೆ ಒಂದರ ಮಟ್ಟಕ್ಕೆ ಇಳಿಸಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 186 ಮಿಲಿಜೌಲ್ ಕೇಳುತ್ತದೆ.

ಬೆಳಕು, ಕ್ಲೋರಿನ್ ಎರಡೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಕಣಕ್ಕಿಳಿದವು. 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟನ್ ಪಟ್ಟಣ ಟೈಫಾಯ್ಡ್ ಹಾವಳಿಯ ನಡುವೆ ನೀರಿಗೆ ಕ್ಲೋರಿನ್ ಬೆರೆಸಿತು. 1910ರಲ್ಲಿ ಫ್ರಾನ್ಸಿನ ಮಾರ್ಸೇ ನಗರ ಪಾದರಸ ದೀಪದಿಂದ ನೀರು ಶುದ್ಧಿ ಮಾಡಿ ನೋಡಿತು. ಕ್ಲೋರಿನ್ ಅಗ್ಗ, ದೀಪ ದುಬಾರಿ ಮತ್ತು ಬೇಗ ಕೆಡುತ್ತಿತ್ತು. ಆರು ದಶಕ ಕ್ಲೋರಿನ್ ಏಕಚಕ್ರಾಧಿಪತ್ಯ ನಡೆಸಿತು. 1974ರಲ್ಲಿ ರಾಟರ್‌ಡ್ಯಾಮಿನ ಜಲ ಸಂಸ್ಥೆಯ ರಸಾಯನಜ್ಞ ಯೋಹಾನಸ್ ರೋಕ್ ತೋರಿಸಿದ್ದು, ನದಿ ನೀರಿನಲ್ಲಿ ಸಹಜವಾಗಿಯೇ ಕರಗಿರುವ ಎಲೆಕೊಳೆ, ಪಾಚಿ ಮೊದಲಾದ ಸಾವಯವ ಪದಾರ್ಥದೊಡನೆ ಕ್ಲೋರಿನ್ ವರ್ತಿಸಿ ಕ್ಲೋರೋಫಾರ್ಮ್ ಮುಂತಾದ ಟ್ರೈಹ್ಯಾಲೋಮೀಥೇನುಗಳನ್ನು ಹುಟ್ಟಿಸುತ್ತದೆ ಎಂಬುದನ್ನು. ಇಂಥ ನೀರನ್ನು ದಶಕಗಟ್ಟಲೆ ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ತುಸು ಹೆಚ್ಚು ಎಂದು ಮುಂದೆ ಹಲವು ಅಧ್ಯಯನಗಳು ಸೂಚಿಸಿದವು. 1979ರಲ್ಲಿ ಅಮೆರಿಕ ಮೊದಲ ಮಿತಿ ಹಾಕಿತು. ನಮ್ಮ ಐಎಸ್ 10500ರ 2012ರ ಆವೃತ್ತಿಯಲ್ಲಿ ಕ್ಲೋರೋಫಾರ್ಮಿಗೆ ಲೀಟರಿಗೆ 0.2 ಮಿಲಿಗ್ರಾಂ, ಬ್ರೋಮೋಫಾರ್ಮಿಗೆ 0.1 ಎಂಬ ಮಿತಿಗಳಿವೆ. ಆಮೇಲೆ 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ನಲ್ಲಿ ನೀರಿನಿಂದ ಸುಮಾರು 4 ಲಕ್ಷ ಜನರ ಹೊಟ್ಟೆ ಕೆಡಿಸಿತು. ಕ್ಲೋರಿನ್ ಅದಕ್ಕೆ ಏನೂ ಮಾಡಲಾರದು. ಅಲ್ಪ ಪ್ರಮಾಣದ ಅತಿನೇರಳೆ ಬೆಳಕೇ ಅದನ್ನು ಬಂಜೆ ಮಾಡುತ್ತದೆ ಎಂದು ಅದೇ ದಶಕದ ಕೊನೆಗೆ ಗೊತ್ತಾದದ್ದೇ, ಮೂಲೆ ಸೇರಿದ್ದ ದೀಪ ನ್ಯೂಯಾರ್ಕಿನಂಥ ಮಹಾನಗರದ ನೀರಿನ ಮನೆಗೆ ಹೋಯಿತು.

ಈ ಕಥೆಯನ್ನು ಹಾಗೇ ತಂದು ಬರಗೂರಿನ ಬೋರಿಗೆ ಅಂಟಿಸುವಂತಿಲ್ಲ. ಟ್ರೈಹ್ಯಾಲೋಮೀಥೇನಿನಂಥ ಉಪೋತ್ಪನ್ನ ಹುಟ್ಟಲು ಎರಡು ಕೈ ಬೇಕು: ಒಂದು ಕ್ಲೋರಿನ್, ಇನ್ನೊಂದು ಸಾವಯವ ಪದಾರ್ಥ. ಕಲ್ಲಿನ ಪದರಗಳಲ್ಲಿ ಸೋಸಿ ಬಂದ ಆಳದ ನೀರಿನಲ್ಲಿ ಎರಡನೆಯದು ಸಾಮಾನ್ಯವಾಗಿ ಬಹಳ ಕಡಿಮೆ. ನೀರುಗಂಟಿ ಓವರ್‌ಹೆಡ್ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಕಲಸಿ ಸುರಿದರೆ ಅಲ್ಲಿ ಟ್ರೈಹ್ಯಾಲೋಮೀಥೇನ್ ಗಾಬರಿಯಾಗುವಷ್ಟು ಹುಟ್ಟುವುದು ಕಷ್ಟ. ಆದ್ದರಿಂದ 'ಕ್ಯಾನ್ಸರ್ ತರುವ ಕ್ಲೋರಿನ್ ಬೇಡ, ಯುವಿ ಬೇಕು' ಎಂದು ಬೋರಿನ ನೀರು ಕುಡಿಯುವವರ ಮುಂದೆ ಯಾರಾದರೂ ಯಂತ್ರ ಮಾರಿದರೆ, ಆ ಮಾತಿನಲ್ಲಿ ನೀರಿಗಿಂತ ವ್ಯಾಪಾರ ಹೆಚ್ಚು. ಬೋರಿನ ನೀರಿಗೆ ದೀಪ ಬೇಕಾದದ್ದು ಬೇರೆ ಕಾರಣಕ್ಕೆ. ನೀರು ಕೆಡುವುದು ಭೂಮಿಯೊಳಗಲ್ಲ, ಮೇಲೆ ಬಂದ ಮೇಲೆ. ಎರಡು ಮೂರು ದಿನಕ್ಕೊಮ್ಮೆ ನೀರು ಬಿಡುವ ಕಡೆ ಉಳಿದ ಹೊತ್ತು ಪೈಪು ಖಾಲಿ. ಖಾಲಿ ಪೈಪು ಚರಂಡಿಯ ಪಕ್ಕದ ಬಿರುಕಿನಿಂದ ಕೊಚ್ಚೆಯನ್ನು ಒಳಗೆಳೆದುಕೊಳ್ಳುತ್ತದೆ. 2024ರ ಜೂನ್‌ನಲ್ಲಿ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ಜಾತ್ರೆಯ ಬೆನ್ನಿಗೇ ವಾಂತಿ ಭೇದಿ ಹರಡಿ ಸಾವುಗಳೂ ಆದಾಗ ಶಂಕೆ ಬಿದ್ದದ್ದು ಕುಡಿಯುವ ನೀರಿನ ಮೇಲೆ. ಅದರ ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಹೀಗೇ ಆಗಿತ್ತು. ಇಂಥ ಕಡೆ ಪಂಪಿನ ಮನೆಯಲ್ಲಿ ದೀಪ ಉರಿದು ಏನು ಬಂತು? ದೀಪ ಇರಬೇಕಾದದ್ದು ಕೊಡ ತುಂಬುವ ನಲ್ಲಿಯ ಹಿಂದೆಯೇ. ಘಟಕಗಳಲ್ಲಿ ಅದು ಅಲ್ಲಿದೆ ಎನ್ನುವುದು ಆ ವಿನ್ಯಾಸದ ಸರಿಯಾದ ಅಂಶ.

ಹೊಳೆ ನೀರು ಬಂದಾಗ ಲೆಕ್ಕ ತಿರುಗುತ್ತದೆ. ಶಿರಾ ಪಟ್ಟಣ ಈಗಾಗಲೇ ಹೇಮಾವತಿ ನಾಲೆಯಿಂದ ತುಂಬುವ ಕೆರೆಯನ್ನು ನಂಬಿದೆ. ಪಾವಗಡಕ್ಕೆ ತುಂಗಭದ್ರಾ ಜಲಾಶಯದ ಹಿನ್ನೀರನ್ನು ನೂರು ಕಿಲೋಮೀಟರಿಗೂ ಹೆಚ್ಚು ದೂರದಿಂದ ಕೊಳವೆಯಲ್ಲಿ ತರುವ ಬಹುಗ್ರಾಮ ಯೋಜನೆ ರೂಪುಗೊಂಡಿದೆ. ಫ್ಲೋರೈಡಿನಿಂದ ಬಳಲಿದ ತಾಲ್ಲೂಕಿಗೆ ಇದು ವರವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆರೆ ಮತ್ತು ಹಿನ್ನೀರು ಬಯಲಿನಲ್ಲಿ ನಿಂತ ನೀರು. ಹೊಲದಿಂದ ಹರಿದು ಬಂದ ಗೊಬ್ಬರ ಅದರಲ್ಲಿದೆ, ಬೇಸಿಗೆಯಲ್ಲಿ ಹಸಿರುಗಟ್ಟಿಸುವ ಪಾಚಿಯಿದೆ, ಮುಳುಗಿದ ಗಿಡಗಂಟಿಯ ಕೊಳೆಯಿದೆ. ಈ ನೀರಿಗೆ ಕ್ಲೋರಿನ್ ಬಿದ್ದರೆ ಎರಡೂ ಕೈ ಸೇರುತ್ತವೆ. ಟ್ರೈಹ್ಯಾಲೋಮೀಥೇನ್ ಹೆಚ್ಚಿಸುವ ಬೇರೆ ಸಂಗತಿಗಳೆಂದರೆ ಬಿಸಿ, ಕ್ಷಾರಗುಣ ಮತ್ತು ಸಂಪರ್ಕದ ಕಾಲ. ಇಲ್ಲಿಯ ಏಪ್ರಿಲ್ ತಿಂಗಳ ಬಿಸಿಲನ್ನು ವರ್ಣಿಸಬೇಕಾಗಿಲ್ಲ. ನೂರಾರು ಹಳ್ಳಿಗೆ ಹರಡಿದ ಕೊಳವೆಜಾಲದ ಕಟ್ಟಕಡೆಯ ಟ್ಯಾಂಕಿಗೆ ನೀರು ತಲುಪಲು ದಿನಗಳೇ ಹಿಡಿಯಬಹುದು. ಅಂದರೆ ಸೀಮೆಯ ಹೊಸ ನೀರು ಫ್ಲೋರೈಡಿನ ಹಳೆಯ ಕಷ್ಟ ಕಳೆದು ಉಪೋತ್ಪನ್ನದ ಹೊಸ ಪ್ರಶ್ನೆಯನ್ನು ಬಾಗಿಲಿಗೆ ತರುತ್ತದೆ. ಉಪೋತ್ಪನ್ನಗಳ ಬಹುಪಾಲು ಹುಟ್ಟುವುದು ಎಲ್ಲಿ ಎಂದು ಕೇಳಿದರೆ, ಶುದ್ಧೀಕರಣದ ಮೊದಲ ಹೆಜ್ಜೆಯಲ್ಲಿ. ಪಾಚಿ ಕೊಲ್ಲಲೆಂದು ಹಸಿ ನೀರಿಗೇ ಧಾರಾಳವಾಗಿ ಕ್ಲೋರಿನ್ ಹೊಡೆಯುವ ರೂಢಿ ಹಲವೆಡೆ ಇದೆ. ಸಾವಯವ ಕೊಳೆ ಅತಿ ಹೆಚ್ಚು ಇರುವ ಹೊತ್ತಿಗೆ ಕ್ಲೋರಿನ್ನೂ ಅತಿ ಹೆಚ್ಚು ಬೀಳುತ್ತದೆ. ಮೊದಲು ಆಲಂ ಹಾಕಿ ಕೊಳೆ ತಳಕ್ಕಿಳಿಸಿ, ಮರಳಿನಲ್ಲಿ ಸೋಸಿ, ರೋಗಾಣುವನ್ನು ಹದ್ದುಬಸ್ತಿಗೆ ತರುವ ಮುಖ್ಯ ಕೆಲಸವನ್ನು ಬೆಳಕಿಗೆ ವಹಿಸಿದರೆ, ಕ್ಲೋರಿನ್ ಕೊನೆಯಲ್ಲಿ ಬಂದು ದಾರಿ ಕಾಯುವಷ್ಟು ಮಾತ್ರ ಬಿದ್ದರೆ ಸಾಕು. ದೀಪದಿಂದ ಆಗುವ ಲಾಭ ಇದು. ದೀಪ ತಾನೇ ಟ್ರೈಹ್ಯಾಲೋಮೀಥೇನನ್ನು ಸುಡುವುದಿಲ್ಲ, ಕೊಳೆಯನ್ನು ಕರಗಿಸುವುದೂ ಇಲ್ಲ. ಕ್ಲೋರಿನ್ನನ್ನು ಕೊನೆಗೆ ಸರಿಸಲು, ಕಡಿಮೆ ಮಾಡಲು ಧೈರ್ಯ ಕೊಡುತ್ತದೆ ಅಷ್ಟೇ.

ಹಾಗಾದರೆ ಕ್ಲೋರಿನ್ ಪೂರ್ತಿ ಬಿಟ್ಟೇಬಿಡಬಾರದೇಕೆ ಎಂದು ಕೇಳುವವರು ನೆದರ್‌ಲೆಂಡ್ಸಿನ ಉದಾಹರಣೆ ಕೊಡುತ್ತಾರೆ. ಅಲ್ಲಿ ನಲ್ಲಿಗೆ ಬರುವ ನೀರಿನಲ್ಲಿ ಕ್ಲೋರಿನ್ ಉಳಿಸುವ ರೂಢಿಯಿಲ್ಲ, ನಿಜ. ಆದರೆ ಅಲ್ಲಿಯ ಪೈಪು ಸೋರುವುದು ಅತಿ ಕಡಿಮೆ, ಹಗಲೂ ರಾತ್ರಿ ಒತ್ತಡದಲ್ಲಿ ತುಂಬಿರುತ್ತದೆ. ವಾರದಲ್ಲಿ ಎರಡು ದಿನ ನೀರು ಬರುವ ಊರಿಗೆ ಆ ಉದಾಹರಣೆ ಹೊಂದದು. ಬೆಳಕು ನೀರಿನಲ್ಲಿ ಏನನ್ನೂ ಬಿಟ್ಟುಹೋಗುವುದಿಲ್ಲ. ಅದರ ಗುಣವೂ ಅದೇ, ದೋಷವೂ ಅದೇ. ದೀಪ ದಾಟಿದ ಒಂದು ಗಜದಾಚೆ ಕೊಚ್ಚೆ ಬೆರೆತರೆ ನೀರಿಗೆ ದಿಕ್ಕಿಲ್ಲ. ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಲಿ ಎಂದು ಮಾನಕ ಹೇಳುವುದು ಇದಕ್ಕೇ. ಉಪೋತ್ಪನ್ನದ ಅಪಾಯ ಹತ್ತಾರು ವರ್ಷದ ಮೇಲಿನ ಸಣ್ಣ ಸಂಭವ. ಕೆಟ್ಟ ನೀರಿನ ಅಪಾಯ ನಾಳೆ ಬೆಳಗಿನದು. ಉಪೋತ್ಪನ್ನಕ್ಕೆ ಹೆದರಿ ಸೋಂಕುನಿವಾರಣೆಯಲ್ಲಿ ರಾಜಿಯಾಗಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಒತ್ತಿ ಹೇಳುವುದೂ ಈ ಲೆಕ್ಕದ ಮೇಲೆಯೇ. ಇಲ್ಲಿ ಇನ್ನೊಂದು ಸಣ್ಣ ಸಂಗತಿಯನ್ನೂ ನೋಡಬೇಕು. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ತೂಕದ ಸುಮಾರು ಮೂರರಲ್ಲೊಂದು ಪಾಲು ಕೆಲಸಕ್ಕೆ ಬರುವ ಕ್ಲೋರಿನ್ ಇರುತ್ತದೆ. ಬಾಯಿ ಬಿಚ್ಚಿದ ಚೀಲ ಪಂಚಾಯಿತಿ ಗೋದಾಮಿನ ಸೆಕೆಯಲ್ಲಿ ತಿಂಗಳುಗಟ್ಟಲೆ ಬಿದ್ದರೆ ವಾಸನೆ ಉಳಿಯುತ್ತದೆ, ಸತ್ವ ಹೋಗಿರುತ್ತದೆ. ಕ್ಲೋರಿನ್ ಹಾಕಿದೆವು ಎನ್ನುವ ಲೆಕ್ಕ ಪುಸ್ತಕದಲ್ಲಿದ್ದು ನೀರಿನಲ್ಲಿ ಇಲ್ಲದಿರುವುದು ಹೀಗೆ.

ವಿದ್ಯುತ್ತಿನ ಆಕ್ಷೇಪ ಇದಕ್ಕಿಂತ ಸುಲಭವಾಗಿ ಬಗೆಹರಿಯುತ್ತದೆ. 1992-93ರಲ್ಲಿ ಭಾರತ, ಬಾಂಗ್ಲಾದೇಶಗಳಲ್ಲಿ ಹೊಸ ತಳಿಯ ಕಾಲರಾ ಹಬ್ಬಿದಾಗ, ಮುಂಬೈಯಲ್ಲಿ ಹುಟ್ಟಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ಭೌತವಿಜ್ಞಾನಿ ಅಶೋಕ್ ಗಾಡ್ಗೀಳ್ ಹಳ್ಳಿಗಳಿಗೆಂದು ಒಂದು ಯಂತ್ರ ರೂಪಿಸಿದರು. ಸುಮಾರು 60 ವ್ಯಾಟ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ 15 ಲೀಟರ್ ನೀರನ್ನು ಅದು ಸೋಂಕುಮುಕ್ತ ಮಾಡುತ್ತದೆ. ಹಾಗೆಂದರೆ ಒಂದು ಕ್ಯಾನ್‌ಗೆ 80 ಸೆಕೆಂಡು. ಒಂದು ಯೂನಿಟ್ ವಿದ್ಯುತ್ತಿಗೆ ಏಳುನೂರಕ್ಕೂ ಹೆಚ್ಚು ಕ್ಯಾನ್. ಅದೇ 20 ಲೀಟರನ್ನು ಕುದಿಸಿ ಕುಡಿಯುತ್ತೇವೆಂದರೆ, 25 ಡಿಗ್ರಿಯಿಂದ 100ಕ್ಕೆ ಏರಿಸಲಿಕ್ಕೇ ಒಂದೂಮುಕ್ಕಾಲು ಯೂನಿಟ್ಟಿನಷ್ಟು ಶಾಖ ಬೇಕು. ಸೌದೆ ಒಲೆಯಲ್ಲಾದರೆ ಅದರ ಹಲವು ಪಟ್ಟು. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಹಳ್ಳಿಗಳ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಹರಡಿದೆ. ಅಲ್ಲಿಯ ಒಂದೇ ಒಂದು ಫಲಕ ಈ ದೀಪವನ್ನು ಹಗಲೆಲ್ಲ ಉರಿಸಬಲ್ಲದು. ಬಿಸಿಲಿಗೇ ನೇರವಾಗಿ ಕೆಲಸ ಹಚ್ಚುವ ದಾರಿಯೂ ಇದೆ: ತಿಳಿ ನೀರು ತುಂಬಿದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯನ್ನು ಆರು ಗಂಟೆ ಒಳ್ಳೆಯ ಬಿಸಿಲಿನಲ್ಲಿಟ್ಟರೆ ಸೂರ್ಯನ ಅತಿನೇರಳೆ ಕಿರಣವೂ ಬಿಸಿಯೂ ಸೇರಿ ರೋಗಾಣುಗಳನ್ನು ಬಹುವಾಗಿ ತಗ್ಗಿಸುತ್ತವೆ. ಬೈರೂತಿನಲ್ಲಿ ಅಫ್ತಿಮ್ ಅಕ್ರಾ ಇದನ್ನು 1980ರ ಸುಮಾರಿಗೆ ಪ್ರಚುರಪಡಿಸಿದರು. ಹೊಲಕ್ಕೆ ಹೋಗುವವರಿಗೆ ಇದು ಆದೀತು, ಊರಿಗೆಲ್ಲ ಸಾಲದು.

ದೀಪದ ನಿಜವಾದ ಶತ್ರು ಕರೆಂಟಲ್ಲ, ಗಡುಸು ನೀರು. ಸಾಮಾನ್ಯ ಯುವಿ ಯಂತ್ರದಲ್ಲಿ ದೀಪ ಒಂದು ಸ್ಫಟಿಕ ಗಾಜಿನ ತೋಳಿನೊಳಗೆ ಕೂತು ನೀರಿನಲ್ಲಿ ಮುಳುಗಿರುತ್ತದೆ. ಉರಿವ ದೀಪದ ಬಿಸಿಗೆ ಕ್ಯಾಲ್ಸಿಯಂ, ಕಬ್ಬಿಣ ಆ ಗಾಜಿನ ಮೇಲೆ ಪೊರೆ ಕಟ್ಟುತ್ತವೆ. ಬೋರಿನ ನೀರು ಕಾಯಿಸಿದ ಹಂಡೆಯ ತಳದಲ್ಲಿ ಉಗುರಿನಿಂದ ಕೆರೆದರೂ ಬಿಡದ ಬಿಳಿ ಚಕ್ಕೆ ಕಟ್ಟುವುದನ್ನು ಈ ಸೀಮೆಯ ಹೆಂಗಸರು ದಿನಾ ಕಾಣುತ್ತಾರೆ. ಗಾಜಿನ ಮೇಲಿನದೂ ಅದೇ ಪದಾರ್ಥ. ನೋಡಲು ತೆಳು ಮಂಜಿನ ಹಾಗೆ ಕಾಣುವ ಈ ಪೊರೆ 254ರ ಕಿರಣವನ್ನು ಅಲ್ಲೇ ತಡೆದುಬಿಡುತ್ತದೆ. ಗಾಡ್ಗೀಳರ ವಿನ್ಯಾಸದಲ್ಲಿ ದೀಪ ನೀರನ್ನು ಮುಟ್ಟದೆ ಮೇಲೆ ತೂಗುತ್ತದೆ, ನೀರು ಕೆಳಗಿನ ತಟ್ಟೆಯಲ್ಲಿ ತೆಳ್ಳಗೆ ಹರಿಯುತ್ತದೆ. ಪೊರೆ ಕಟ್ಟಲು ಗಾಜೇ ಇಲ್ಲ. ಈ ನೆಲದ ನೀರಿಗೆ ಹೊಂದುವ ಜಾಣತನ ಅದು. ಆರ್‌ಒ ಆದ ಮೇಲೆ ದೀಪ ಇಟ್ಟರೂ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ, ಲವಣ ಮೊದಲೇ ಹೋಗಿರುತ್ತದೆ. ಕೆರೆ ನೀರಿನಲ್ಲಿ ಕಷ್ಟ ಬೇರೆ. ಒಂದು ಸೆಂಟಿಮೀಟರ್ ನೀರು ದಾಟುವಾಗ ನೂರಕ್ಕೆ 90 ಪಾಲು ಕಿರಣ ಉಳಿಯುವಂಥ ತಿಳಿ ನೀರಿನಲ್ಲಿ ಐದು ಸೆಂಟಿಮೀಟರ್ ಆಚೆಗೆ 59 ಪಾಲು ತಲುಪುತ್ತದೆ. 80 ಪಾಲು ಉಳಿಯುವ ನೀರಿನಲ್ಲಿ ತಲುಪುವುದು 33 ಮಾತ್ರ. ಕಣ್ಣಿಗೆ ಎರಡೂ ಲೋಟ ತಿಳಿಯಾಗೇ ಕಾಣಬಹುದು. ಆದಕಾರಣ ಹಿನ್ನೀರಿಗೆ ದೀಪ ಹಾಕುವ ಮುನ್ನ ವರ್ಷದ ಎಲ್ಲ ಋತುಗಳಲ್ಲೂ ಆ ನೀರು ಎಷ್ಟು ಕಿರಣ ಬಿಡುತ್ತದೆ ಎಂದು ಅಳೆಯದಿದ್ದರೆ, ಮಳೆಗಾಲದ ಮೊದಲ ಕೆಂಪು ನೀರಿಗೇ ಯೋಜನೆ ಕೈಕೊಡುತ್ತದೆ.

ಬೆಳಕಿಗೂ ಉಪೋತ್ಪನ್ನ ಇಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಮಧ್ಯಮ ಒತ್ತಡದ ದೀಪಗಳು 240 ನ್ಯಾನೋಮೀಟರಿಗಿಂತ ಕೆಳಗಿನ ಕಿರಣಗಳನ್ನೂ ಸೂಸುತ್ತವೆ. ಅವು ನೀರಿನ ನೈಟ್ರೇಟಿನಲ್ಲಿ ಒಂದಿಷ್ಟನ್ನು ನೈಟ್ರೈಟ್ ಮಾಡಬಲ್ಲವು. ಗೊಬ್ಬರ, ತಿಪ್ಪೆಗಳಿಂದ ನೈಟ್ರೇಟ್ ಇಳಿದಿರುವ ಬೋರುಗಳಿಗೆ ಇದು ಗಮನಿಸಬೇಕಾದ ಸಂಗತಿ. ಕಡಿಮೆ ಒತ್ತಡದ 254ರ ದೀಪ ಆರಿಸಿಕೊಂಡರೆ ಈ ಕಾಟವಿಲ್ಲ. ಓಝೋನ್ ಹಾಕಿದರೂ ಕ್ಲೋರಿನ್ ಕಡಿಮೆ ಮಾಡಬಹುದಲ್ಲ ಎನ್ನುವವರು, ನೀರಿನಲ್ಲಿ ಬ್ರೋಮೈಡ್ ಇದ್ದರೆ ಓಝೋನ್ ಅದನ್ನು ಬ್ರೋಮೇಟ್ ಮಾಡುತ್ತದೆ ಎಂಬುದನ್ನು ಮರೆಯಬಾರದು. ಇನ್ನು ದೀಪ ಒಡೆದಾಗ ಅದರ ಪಾದರಸ ನೀರಿಗೆ ಸೇರುವ ಭಯವಿದೆ. ಎಲ್ಇಡಿಗಳು ಆ ಜಾಗಕ್ಕೆ ಬರುತ್ತಿವೆ, ಊರ ಮಟ್ಟದ ಹರಿವಿಗೆ ಸದ್ಯಕ್ಕೆ ಅವು ದುಬಾರಿ.

ಕೊನೆಗೆ ಕಣ್ಣು ಮೋಸಹೋಗುವ ಒಂದು ವಿಷಯ. ಕೊಳವೆಯ ತುದಿಯಲ್ಲಿ ಕಾಣುವ ನೀಲಿ ಬೆಳಕು ರೋಗಾಣುವನ್ನು ಕೊಲ್ಲುವ ಬೆಳಕಲ್ಲ. ಕೊಲ್ಲುವ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ. ನೀಲಿ ಬರೀ ಅದರ ಜೊತೆಗಾರ. ಸುಮಾರು 9,000 ಗಂಟೆ, ಎಡೆಬಿಡದೆ ಉರಿದರೆ ವರ್ಷವೊಂದು, ಕಳೆಯುವಷ್ಟರಲ್ಲಿ ಕಾಣದ ಕಿರಣ ಕುಗ್ಗಿರುತ್ತದೆ, ಕಾಣುವ ನೀಲಿ ಮಾತ್ರ ಮೊದಲಿನಂತೆಯೇ ಹೊಳೆಯುತ್ತಿರುತ್ತದೆ. ಗಂಟೆ ಎಣಿಸುವ ಮೀಟರು, ಕಿರಣ ಅಳೆದು ಕಡಿಮೆಯಾದಾಗ ನೀರನ್ನೇ ನಿಲ್ಲಿಸುವ ಸೆನ್ಸರು, ವರ್ಷಕ್ಕೊಂದು ಹೊಸ ದೀಪಕ್ಕೆ ಗುತ್ತಿಗೆ ಕರಾರಿನಲ್ಲೇ ಬರೆದಿಟ್ಟ ಹಣ, ತಿಂಗಳಿಗೊಮ್ಮೆ ಗಾಜಿನ ತೋಳನ್ನು ನಿಂಬೆಹುಳಿಯಲ್ಲಿ ಒರೆಸುವ ಆಳು: ಟೆಂಡರಿನಲ್ಲಿ ಈ ನಾಲ್ಕಿಲ್ಲದ ಘಟಕ ಉದ್ಘಾಟನೆಯ ಮರುವರ್ಷವೇ ನೀಲಿ ಬಲ್ಬು ತೂಗುಹಾಕಿದ ಬರೀ ನಲ್ಲಿಯಾಗಿರುತ್ತದೆ. ಅಷ್ಟೆಲ್ಲ ಸರಿಯಾಗಿದ್ದರೂ ನೀರು ಬೀಳುವುದು ಜನ ಮನೆಯಿಂದ ತಂದ ಕ್ಯಾನಿಗೆ. ಬಿಸಿಲಿನಲ್ಲಿ ಬೈಕಿನ ಮೇಲೆ ಓಡಾಡಿದ ಆ ಕ್ಯಾನಿನ ಒಳಬದಿಯಲ್ಲಿ, ಕೈ ತೂರದ ಮೂಲೆಯಲ್ಲಿ, ಬೆರಳಿಗೆ ಲೋಳೆಯಾಗಿ ತಾಗುವ ಹಸಿರು ಪಾಚಿಯ ಗೆರೆ ಇರುತ್ತದೆ.